ಭೃತ್ಯನ ಕ್ಷೇಮವೂ ಕಾಯಕದ ಅರ್ಥವೂ

ಪಂಚಾಚಾರಗಳನ್ನು ಎಣಿಸುವಾಗ ನಾವು ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರಗಳನ್ನು ಹೇಳಿ ಕಡೆಯಲ್ಲಿ ಭೃತ್ಯಾಚಾರವನ್ನು ಹೇಳುವೆವು. ಕಡೆಯಲ್ಲಿ ಬಂದುದರಿಂದಲೋ ಏನೋ, ಉಪನ್ಯಾಸಗಳಲ್ಲಿ ಅದರ ವಿಚಾರಕ್ಕೆ ದೊರೆಯುವ ಹೊತ್ತು ಬಹು ಕಡಿಮೆ. ಶಿವಭಕ್ತರೇ ಹಿರಿಯರು, ತಾನು ಅವರೆಲ್ಲರಿಗೂ ಭೃತ್ಯನು ಎಂಬ ವಿನಯಭಾವವೇ ಭೃತ್ಯಾಚಾರವೆಂದು ಒಂದು ವಾಕ್ಯದಲ್ಲಿ ಮುಗಿಸಿ ಮಂಗಳ ಹಾಡುವುದು ವಾಡಿಕೆ. ಮಠದ ಪಾಠಶಾಲೆಯಲ್ಲಿ ಮೂವತ್ತು ವರ್ಷಗಳಿಂದ ಹುಡುಗರಿಗೆ ನಾನೂ ಹಾಗೆಯೇ ಹೇಳಿಕೊಡುತ್ತ ಬಂದವನು. ಕಳೆದ ಜ್ಯೇಷ್ಠಮಾಸದಲ್ಲಿ ಉಡುಪಿಯ ಬಳಿಯ ಅಂಬಲಪಾಡಿಯಲ್ಲಿ ಎಂಟು ದಿನ ಇದ್ದು ಬಂದ ಮೇಲೆ ಆ ಒಂದು ವಾಕ್ಯ ನನಗೆ ಸಾಲದೆಂದು ತೋರಿದೆ. ಏಕೆ ಸಾಲದೆಂಬುದನ್ನು ಶರಣಬಂಧುಗಳ ಮುಂದೆ ಇಡಬೇಕೆಂದು ಈ ಲೇಖನ.

ಅಂಬಲಪಾಡಿಯಲ್ಲಿ ನನ್ನ ಅಕ್ಕನ ಮಗಳ ಸಂಸಾರವಿದೆ. ಅಳಿಯಂದಿರು ಮಣಿಪಾಲದಲ್ಲಿ ಅಧ್ಯಾಪಕರು. ಮಹಾಕಾಳಿ ಜನಾರ್ದನ ದೇವಾಲಯದ ಊರು ಅದು. ಹೆದ್ದಾರಿಯ ಸದ್ದು ಮನೆಯ ಒಳಗೂ ಕೇಳಿಸುವುದು. ಹುಡುಗಿ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಗೆ ಮೊದಲೂ ಅನಂತರವೂ ಸೇರಿ ಆರು ವರ್ಷ ದೂರದ ಒಂದು ನಗರದಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿಯೊಂದರಲ್ಲಿ ದುಡಿದವಳು. ಆ ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ದೋಷವೆಲ್ಲ ಆ ಒಂದು ಬಾಗಿಲಿಗೆ ಅಂಟಿಕೊಂಡು ಮಿಕ್ಕವರು ನಿಶ್ಚಿಂತರಾಗುವರು. ಮಿಕ್ಕವರಲ್ಲಿ ನಾವೂ ಇದ್ದೇವೆ.

ಜೈವಿಕ ತಂತ್ರಜ್ಞಾನವೆಂದರೆ ಏನೋ ದೊಡ್ಡ ವಿದ್ಯೆಯೆಂದು ಹೆದರಬೇಕಾಗಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬೆಳಗ್ಗೆ ಮೊಸರು ತೆಗೆಯುವ ನಮ್ಮ ತಾಯಂದಿರಿಗೆ ಅದರ ಮೂಲ ತಿಳಿಯದುದಲ್ಲ. ಕಣ್ಣಿಗೆ ಕಾಣದ ಜೀವಾಣುಗಳಿಗೆ ಆಹಾರವನ್ನೂ ಹದವಾದ ಬಿಸಿಯನ್ನೂ ಒದಗಿಸಿ, ಅವುಗಳಿಂದ ನಮಗೆ ಬೇಕಾದ ಪದಾರ್ಥವನ್ನು ಮಾಡಿಸಿಕೊಳ್ಳುವುದೇ ಅದರ ಸಾರ. ಹೆಪ್ಪಿನ ಗಡಿಗೆಯ ಸ್ಥಾನದಲ್ಲಿ ಇಲ್ಲಿ ಸಾವಿರಾರು ಲೀಟರು ಹಿಡಿಸುವ ಉಕ್ಕಿನ ಪಾತ್ರೆಗಳು. ಪ್ರಾಣಿಗಳ ಜೀವಕೋಶಗಳನ್ನು ಬೆಳೆಸುವುದಾದರೆ ಸುಮಾರು 37 ಡಿಗ್ರಿ ಬಿಸಿ, ಅಂದರೆ ಮನುಷ್ಯನ ಮೈಯ ಬಿಸಿಯಷ್ಟೇ ಬಿಸಿ, ಎರಡು ವಾರದವರೆಗೂ ಏಕರೀತಿಯಾಗಿ ಇರಬೇಕು. ಒಳಗಿನ ಗಾಳಿ, ಸಕ್ಕರೆ, ಹುಳಿ ಇವುಗಳನ್ನು ಹಗಲಿರುಳು ಯಂತ್ರಗಳು ಅಳೆಯುತ್ತಿರುವುವು. ಹೊರಗಿನ ಒಂದು ಕ್ರಿಮಿ ಒಳಹೊಕ್ಕರೆ ಇಡೀ ಪಾತ್ರೆ ಚರಂಡಿಯ ಪಾಲು. ಆದುದರಿಂದ ಕೆಲಸದವರು ಕಣ್ಣು ಮಾತ್ರ ಕಾಣುವಂತೆ ಮೈಯೆಲ್ಲ ಮುಚ್ಚುವ ಉಡುಪು, ಮುಖವಾಡ, ಎರಡು ಜೊತೆ ಕೈಚೀಲಗಳನ್ನು ತೊಟ್ಟು ಒಳಗೆ ಹೋಗಬೇಕು. ಬಳೆ, ಉಂಗುರ, ಕುಂಕುಮಕ್ಕೆ ಅಲ್ಲಿ ಪ್ರವೇಶವಿಲ್ಲ. ಒಳಗಿರುವಷ್ಟು ಹೊತ್ತು ಒಂದು ಗುಟುಕು ನೀರೂ ಇಲ್ಲ. ಮಡಿಯ ವಿಷಯದಲ್ಲಿ ಯಾವ ಮಠದ ಅಡುಗೆಮನೆಯೂ ಅದರ ಮುಂದೆ ನಿಲ್ಲಲಾರದು.

ಒಂದು ಸಂಜೆ ಮಳೆ ಹಿಡಿದು ಹೊರಗೆ ಹೋಗುವಂತಿರಲಿಲ್ಲ. ಪಡಸಾಲೆಯಲ್ಲಿ ಕುಳಿತಿದ್ದಾಗ ಆಕೆ ಹೇಳಿದಳು: “ಮಾಮಾ, ಆ ಪಾತ್ರೆಯ ಒಳಗೆ ಅರ್ಧ ಡಿಗ್ರಿ ಬಿಸಿ ಹೆಚ್ಚಾದರೆ ಗಂಟೆ ಹೊಡೆಯುತ್ತಿತ್ತು. ಎರಡು ನಿಮಿಷದಲ್ಲಿ ಮೂವರು ಅಧಿಕಾರಿಗಳಿಗೆ ಫೋನು ಹೋಗುತ್ತಿತ್ತು. ನನ್ನ ಮೈಯಲ್ಲಿ ನಾಲ್ಕು ದಿನ ಜ್ವರವಿತ್ತು. ಯಾವ ಗಂಟೆಯೂ ಹೊಡೆಯಲಿಲ್ಲ.” ಇದನ್ನು ನಗುತ್ತಲೇ ಹೇಳಿದಳು. ಅಳಿಯಂದಿರು ನಗಲಿಲ್ಲ.

ಆ ಕಂಪನಿಯಲ್ಲಿ ಸೌಕರ್ಯಗಳಿಗೆ ಕೊರತೆಯಿತ್ತೆಂದು ತಿಳಿಯಬಾರದು. ವ್ಯಾಯಾಮಶಾಲೆಯಿತ್ತು. ಹುಟ್ಟಿದ ಹಬ್ಬಕ್ಕೆ ಕೇಕು ಬರುತ್ತಿತ್ತು. ವರ್ಷಕ್ಕೊಮ್ಮೆ ಯೋಗದ ಗುರುಗಳನ್ನು ಕರೆಸಿ ನೌಕರರ ಕ್ಷೇಮದ ದಿನವನ್ನು ಆಚರಿಸುತ್ತಿದ್ದರು. ನಾವೆಲ್ಲ ಒಂದೇ ಕುಟುಂಬವೆಂದು ಗೋಡೆಯ ಮೇಲೆ ಬರೆಸಿದ್ದರು. ಆದರೆ ಪಾಳಿಗೆ ಮೂವರು ಬೇಕಾದ ಕಡೆ ಇಬ್ಬರೇ ಇದ್ದುದರಿಂದ ರಜೆಯ ಅರ್ಜಿ ಬರೆಯುವುದಕ್ಕೆ ಎಲ್ಲರಿಗೂ ಸಂಕೋಚ. ಒಬ್ಬಳು ಬಾರದಿದ್ದರೆ ಇನ್ನೊಬ್ಬಳು ಹದಿನಾರು ಗಂಟೆ ನಿಲ್ಲಬೇಕಲ್ಲವೆ? ಹೀಗೆ ಒಬ್ಬರ ಮೇಲಿನ ಒಬ್ಬರ ದಯೆಯನ್ನೇ ಹಗ್ಗವಾಗಿ ಹೊಸೆದು ಇಬ್ಬರನ್ನೂ ಕಟ್ಟಿದ್ದರು. ಕಡೆಗೆ ಒಂದು ರಾತ್ರಿ ಉಡುಪು ಬದಲಿಸುವ ಕೋಣೆಯಲ್ಲಿ ಆಕೆ ಎಚ್ಚರ ತಪ್ಪಿ ಬಿದ್ದಳು. ಸುದ್ದಿ ಕೇಳಿದ ಮೇಲಧಿಕಾರಿ ಮೊದಲು ವಿಚಾರಿಸಿದುದು ಬ್ಯಾಚು ಸುರಕ್ಷಿತವಾಗಿದೆಯೇ ಎಂದು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳದಿದ್ದರೆ ಈ ಲೇಖನ ಬರೆಯುವ ಅಧಿಕಾರ ನನಗಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಆಕೆ ಒಂದು ರಾತ್ರಿ ನನಗೆ ಫೋನು ಮಾಡಿ, “ಮಾಮಾ, ನನ್ನ ಕೈಲಿ ಆಗುವುದಿಲ್ಲ, ಬಿಟ್ಟು ಬರುವೆ” ಎಂದಿದ್ದಳು. ನಾನು ಕಾಯಕದ ಮಹಿಮೆಯನ್ನು ಹೇಳಿದೆ. ವಚನವೊಂದನ್ನು ಬಾಯಿಪಾಠವಾಗಿ ಒಪ್ಪಿಸಿದೆ. ಶರಣರು ಯಾವ ಕೆಲಸವನ್ನೂ ಕಷ್ಟವೆಂದು ಬಿಟ್ಟವರಲ್ಲ, ನೀನು ಮಾಡುತ್ತಿರುವುದು ರೋಗಿಗಳಿಗೆ ಔಷಧ ಮಾಡುವ ಪುಣ್ಯದ ಕೆಲಸ, ಗೊಣಗಬೇಡ ತಾಯಿ ಎಂದು ಬುದ್ಧಿ ಹೇಳಿ, ಫೋನನ್ನಿಟ್ಟು ಸುಖವಾಗಿ ನಿದ್ದೆಹೋದೆ. ಆಕೆ ನನ್ನ ಮಾತಿಗೆ ಬೆಲೆ ಕೊಟ್ಟು ಮತ್ತೆ ಎರಡು ವರ್ಷ ದುಡಿದಳು. ಅಂಬಲಪಾಡಿಯ ಆ ಸಂಜೆ ಆಕೆ ಅದನ್ನು ನೆನಪಿಸಿ ದೂರಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳಿದಳು: “ಆರು ವರ್ಷ ನಾನು ಮಾಡಿದ್ದು ಕಾಯಕವೇ ಮಾಮಾ?”

ಆ ರಾತ್ರಿ ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಬಂದ ಮೇಲೆ ಮೊದಲು ಶಬ್ದದಿಂದಲೇ ಆರಂಭಿಸಿದೆ. ನಮ್ಮಂಥ ಪಂಡಿತರಿಗೆ ತಿಳಿದ ದಾರಿ ಅದೊಂದೇ.

ಭೃತ್ಯ ಎಂಬ ಶಬ್ದವು ‘ಭೃ’ ಎಂಬ ಧಾತುವಿನಿಂದ ಬಂದುದು. ಧರಿಸುವುದು, ಪೋಷಿಸುವುದು ಎಂಬುದು ಅದರ ಅರ್ಥ. ಅದೇ ಧಾತುವಿನಿಂದ ಭರ್ತೃ, ಎಂದರೆ ಹೊರುವವನು, ಪೋಷಿಸುವವನು, ಒಡೆಯನು. ಅದರಿಂದಲೇ ಭೃತಿ, ಎಂದರೆ ಪೋಷಣೆ, ಆ ಕಾರಣದಿಂದ ಕೂಲಿ, ವೇತನ. ಹಾಗಾದರೆ ಭೃತ್ಯನೆಂದರೆ ಯಾರು? ಕೆಲಸ ಮಾಡುವವನೆಂದು ನಾವು ತಿಳಿದಿರುವೆವು. ವ್ಯಾಕರಣದ ರೀತಿಯಲ್ಲಿ ಅದು ಅಲ್ಲ. ಪೋಷಿಸಲ್ಪಡತಕ್ಕವನು ಯಾವನೋ ಅವನೇ ಭೃತ್ಯನು. ಸೇವಕ ಎಂಬ ಶಬ್ದವು ಆತನು ಮಾಡುವುದನ್ನು ಹೇಳುತ್ತದೆ. ಭೃತ್ಯ ಎಂಬ ಶಬ್ದವು ಆತನಿಗೆ ಸಲ್ಲಬೇಕಾದುದನ್ನು ಹೇಳುತ್ತದೆ. ಮೂವತ್ತು ವರ್ಷ ಈ ಶಬ್ದವನ್ನು ಪಾಠ ಹೇಳಿದವನಿಗೆ ಇದು ಕಣ್ಣಿಗೆ ಬೀಳಲಿಲ್ಲವೆಂದರೆ ವಿದ್ಯೆಯ ಗತಿಯೇನು! ಕನ್ನಡದಲ್ಲಿಯೂ ನೋಡಿ: ದೊರೆ ರಾಜ್ಯವನ್ನು ಆಳುವನೆನ್ನುವೆವು, ದೊರೆಯ ಸೇವಕನನ್ನೂ ಆಳು ಎನ್ನುವೆವು. ಭಾಷೆಗೆ ಇವೆರಡರ ನಡುವೆ ನಾವೆಣಿಸಿದಷ್ಟು ದೂರ ಇರಲಿಲ್ಲವೆಂದು ತೋರುವುದು. ಇದು ಮಾತಿನ ವಿನೋದವೆಂದು ಬಿಟ್ಟರೂ ಚಿಂತೆಯಿಲ್ಲ, ಧಾತ್ವರ್ಥವನ್ನು ಬಿಡುವಂತಿಲ್ಲ.

ಇನ್ನು ಭೃತ್ಯಾಚಾರದ ಬೋಧೆ ಯಾರಿಗೆ ಸಂದದ್ದು ಎಂಬುದನ್ನು ನೋಡೋಣ. ಬಸವಣ್ಣನವರು ಮಂಗಳವೇಡೆಯಲ್ಲಿ ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಸಂಬಳಕ್ಕೆ ದುಡಿದವರು. ಕಲ್ಯಾಣದಲ್ಲಿ ಭಂಡಾರಿಯ ಪದವಿಗೆ ಏರಿದವರು. ಅವರು ಉದ್ಯೋಗಿಗಳಾಗಿದ್ದರೆಂಬುದನ್ನು ನಾವು ಮರೆತೇ ಬಿಡುವೆವು. ಭಂಡಾರದ ಹಣವನ್ನು ಜಂಗಮರಿಗೆ ಸುರಿದರೆಂಬ ದೂರು ಬಂದಾಗ ಲೆಕ್ಕ ತೆಗೆದು ನೋಡಿದರೆ ಒಂದು ಕಾಸೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುವುವು. ಒಡೆಯನ ಲೆಕ್ಕದಲ್ಲಿ ಅಷ್ಟು ನಿಷ್ಠೆಯಿದ್ದ ಆ ಮಹಾತ್ಮರೇ ತಮ್ಮ ಮಹಾಮನೆಗೆ ಬಂದ ಮಡಿವಾಳ, ಅಂಬಿಗ, ಮೇದಾರ, ಹಡಪದ ಕಾಯಕದವರ ಮುಂದೆ ತಮಗಿಂತ ಕಿರಿಯರಿಲ್ಲವೆಂದು ಬಾಗಿ ನಿಂತರು. ಕೈಯಲ್ಲಿ ಅಧಿಕಾರವಿದ್ದವರು ಅಧಿಕಾರವಿಲ್ಲದವರ ಮುಂದೆ ಭೃತ್ಯರಾದುದು ಅಲ್ಲಿಯ ವಿಶೇಷ. ಆಳಿಗೆ ವಿನಯವನ್ನು ಕಲಿಸಲು ಹನ್ನೆರಡನೆಯ ಶತಮಾನದಲ್ಲಿ ಹೊಸದೊಂದು ಆಚಾರವೇ ಬೇಕಾಗಿರಲಿಲ್ಲ. ಅದನ್ನು ಕಲಿಸುವುದಕ್ಕೆ ಬಾರುಕೋಲು ಮೊದಲೇ ಇತ್ತು. ಭೃತ್ಯಾಚಾರವು ಮೇಲಿನಿಂದ ಕೆಳಗಿಳಿದು ಬಂದ ವ್ರತ. ಅದನ್ನು ಇಂದು ಕೆಳಗಿರುವವನ ಕೊರಳಿಗೆ ಮಾತ್ರ ಕಟ್ಟುವುದು ವ್ರತಭಂಗವೆಂದೇ ನನ್ನ ಅಭಿಪ್ರಾಯ.

ಕಾಯಕದ ಮಾತಿಗೆ ಬರೋಣ. ಆಯ್ದಕ್ಕಿ ಮಾರಯ್ಯನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳಲ್ಲಿ ಮಾರಯ್ಯನದು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲಿಡಲಿಲ್ಲ. ಎಂದಿನಷ್ಟು ಉಳಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿದಳು. ನಾವು ಈ ಕಥೆಯನ್ನು ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವೆವು, ಸರಿ. ಆದರೆ ಅದರಲ್ಲಿ ಇನ್ನೊಂದು ಅಂಶವಿದೆ. ಕಾಯಕಕ್ಕೆ ಒಂದು ಅಳತೆಯಿದೆ. ಅದು ದಿನದಿನಕ್ಕೆ ಮುಗಿಯುವ ಅಳತೆ. ಎಂದಿನಷ್ಟು ಆಯ್ದ ಮೇಲೆ ಆ ದಿನದ ಕಾಯಕ ತೀರಿತು. ನಾಳೆಯದನ್ನು ಇಂದೇ ಆಯುವವನು ಹೆಚ್ಚು ಭಕ್ತನಲ್ಲ, ಲೋಭಿಯೆಂದು ಲಕ್ಕಮ್ಮನ ತೀರ್ಪು. ಇಂದಿನ ಕಂಪನಿಯ ಮೇಲ್ವಿಚಾರಕನಾಗಿದ್ದರೆ ಮಾರಯ್ಯನನ್ನು ಎಲ್ಲರ ಮುಂದೆ ಕರೆದು ಹೊಗಳಿ, ಮರುದಿನದಿಂದ ಆ ಹೆಚ್ಚಿನ ರಾಶಿಯನ್ನೇ ಅವನ ನಿತ್ಯದ ಗುರಿಯಾಗಿ ಗೊತ್ತುಪಡಿಸುತ್ತಿದ್ದ. ಆ ದಂಪತಿಗಳಿಗೆ ತಮ್ಮ ಅಕ್ಕಿ ಎಲ್ಲಿಗೆ ಹೋಗುವುದೆಂಬುದೂ ತಿಳಿದಿತ್ತು. ಅದು ದಾಸೋಹಕ್ಕೆ; ಎಡೆಯಲ್ಲಿ ಉಣ್ಣುವವರ ಮುಖ ಅವರ ಕಣ್ಣ ಮುಂದೆ ಇತ್ತು.

ಕಾಯಕವೆಂಬ ಶಬ್ದದಲ್ಲಿಯೇ ಕಾಯವಿದೆ. ಕಾಯದಿಂದ ಮಾಡುವುದು ಕಾಯಕ. ದೇಹವನ್ನು ದೇಗುಲವೆಂದು ಕಂಡವರು ಶರಣರು. ಅವರಿಗೆ ಇಷ್ಟಲಿಂಗದ ಪೀಠ ಈ ಅಂಗವೇ. ಪೂಜೆಯ ಹೆಸರಿನಲ್ಲಿ ದೇಗುಲದ ಕಂಬಗಳನ್ನೇ ಒಂದೊಂದಾಗಿ ಕಡಿಯುವುದನ್ನು ಪೂಜೆಯೆನ್ನುವರೇ? ನಿದ್ದೆಯನ್ನೂ ಹಸಿವನ್ನೂ ಕೆಡಿಸಿ, ಮೂವತ್ತು ತುಂಬುವ ಮೊದಲೇ ಬೆನ್ನು ಬಾಗಿಸುವ ದುಡಿಮೆಯನ್ನು ಕಾಯಕವೆಂದು ಕರೆಯಲು ನನಗೆ ಈಗ ಬಾಯಿ ಬಾರದು. ನನ್ನ ಸೊಸೆ ಮಾಡಿದ ಕೆಲಸವು ಕಾಯಕವೇ ಆಗಿತ್ತು, ಆಕೆಯ ಕಡೆಯಿಂದ. ಮಾಡಿಸಿಕೊಂಡವರ ಕಡೆಯಿಂದ ಅದು ಬೇರೆ ಏನೋ ಆಗಿತ್ತು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆದುದು ನನ್ನ ತಪ್ಪು. ಕಾಯಕದ ಉಪದೇಶವನ್ನು ಮನುಷ್ಯನು ತನಗೆ ತಾನು ಹೇಳಿಕೊಳ್ಳಬೇಕು. ಸುಖಾಸನದಲ್ಲಿ ಕುಳಿತವನು ನಿಂತು ಕಾಲು ಸೋತವನಿಗೆ ಅದನ್ನು ಹೇಳಿದರೆ ಮಾತು ಅದೇ ಆದರೂ ಅರ್ಥ ಬೇರೆ.

ಕೆಲವರು ಆಕ್ಷೇಪಿಸಬಹುದು. ಅದು ಸೀರೆಯ ಅಂಗಡಿಯಲ್ಲ, ಔಷಧದ ಕಾರ್ಖಾನೆ. ಜೀವಕೋಶಗಳಿಗೆ ಭಾನುವಾರ ತಿಳಿಯದು. ಆಸ್ಪತ್ರೆಯಲ್ಲಿ ರೋಗಿ ಕಾಯುತ್ತಿರುವಾಗ ಹೊತ್ತು ಮುಗಿಯಿತೆಂದು ಎದ್ದುಹೋಗುವುದು ಧರ್ಮವೇ ಎಂದು. ಈ ಆಕ್ಷೇಪ ತೂಕವುಳ್ಳದ್ದು. ನಾನು ಅದನ್ನು ಹಗುರವಾಗಿ ಕಾಣಲಾರೆ. ಈ ವಿದ್ಯೆಯಿಂದ ಲೋಕಕ್ಕಾದ ಉಪಕಾರ ಸಾಮಾನ್ಯವಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಇನ್ಸುಲಿನ್ ಕಂಡುಹಿಡಿಯುವುದಕ್ಕೆ ಮೊದಲು ಸಿಹಿಮೂತ್ರರೋಗ ಬಂದ ಎಳೆಯ ಮಕ್ಕಳು ಬದುಕುವ ಆಸೆಯೇ ಇರಲಿಲ್ಲ. ಅದನ್ನು ಶೋಧಿಸಿದವರು 1923ರಲ್ಲಿ ತಮ್ಮ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ದಾಸೋಹವೆಂಬ ಶಬ್ದ ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ಬಹುಕಾಲ ದನ ಮತ್ತು ಹಂದಿಗಳ ಅಂಗದಿಂದ ತೆಗೆಯುತ್ತಿದ್ದ ಆ ಔಷಧವನ್ನು ಸೂಕ್ಷ್ಮಜೀವಿಗಳಿಂದಲೇ ಮಾಡಿಸುವ ಉಪಾಯವು 1978ರಲ್ಲಿ ಅಮೆರಿಕದಲ್ಲಿ ಫಲಿಸಿತು. ಇಂದು ನಮ್ಮ ಮನೆಗಳಲ್ಲಿ ಎಷ್ಟು ಹಿರಿಯರು ಅದರಿಂದ ಉಸಿರಾಡುತ್ತಿರುವರೆಂಬುದನ್ನು ಹೇಳಬೇಕಾಗಿಲ್ಲ. ಆ ಪಾತ್ರೆಗಳ ಮುಂದೆ ರಾತ್ರಿ ಯಾರೋ ನಿಲ್ಲಲೇಬೇಕು. ದಾದಿಯೂ ನಿಲ್ಲುವಳು, ರೈಲಿನ ಚಾಲಕನೂ ಎಚ್ಚರವಾಗಿರುವನು.

ರಾತ್ರಿಯ ಕೆಲಸ ಬೇಡವೆಂದು ನಾನು ವಾದಿಸುವವನಲ್ಲ. ರಾತ್ರಿ ಕೆಲಸ ಮಾಡಿದವಳಿಗೆ ಹಗಲು ಸಂದಿತೇ ಎಂಬುದಷ್ಟೇ ಪ್ರಶ್ನೆ. ರೋಗಿಯ ಹೆಸರನ್ನು ಮುಂದಿಟ್ಟು ಮೂರನೆಯ ಕೆಲಸಗಾರ್ತಿಯ ಸಂಬಳವನ್ನು ಉಳಿಸುವುದು ರೋಗಿಯ ಸೇವೆಯಲ್ಲ. ರಾತ್ರಿಪಾಳಿಯು ಮನುಷ್ಯರಲ್ಲಿ ಅರ್ಬುದರೋಗಕ್ಕೆ ಕಾರಣವಾಗುವ ಸಂಭವವುಂಟೆಂದು ಆ ರೋಗವನ್ನು ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು 2007ರಲ್ಲಿಯೂ ಮರಳಿ 2019ರಲ್ಲಿಯೂ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಲೆಕ್ಕದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆಯೂ ಮೀರಿಯೂ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ 35ರಷ್ಟು ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ ನೂರಕ್ಕೆ 17ರಷ್ಟು ಹೆಚ್ಚು. ನಮ್ಮ ನಾಡಿನವರೇ ಆದ, ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಅಭಿಪ್ರಾಯಪಟ್ಟರು. ಅವರು ಸ್ವತಃ ಬಹಳ ದುಡಿದು ಮೇಲೆ ಬಂದವರು. ಅವರ ದೇಶಪ್ರೇಮವನ್ನು ಸಂಶಯಿಸುವುದು ಅಧರ್ಮ. ಆದರೆ ತಾನು ಕಟ್ಟಿದ ಮನೆಗಾಗಿ ತಾನು ಎಪ್ಪತ್ತು ಗಂಟೆ ದುಡಿಯುವುದು ಬೇರೆ, ಇನ್ನೊಬ್ಬರ ಮನೆಗಾಗಿ ಗೊತ್ತಾದ ಸಂಬಳಕ್ಕೆ ಅಷ್ಟು ದುಡಿಯುವುದು ಬೇರೆ. ಮೊದಲನೆಯವನಿಗೆ ಎಂದು ನಿಲ್ಲಿಸಬೇಕೆಂಬುದು ತನ್ನ ಕೈಯಲ್ಲಿರುವುದು.

ನೆಲದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1948ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರದ ಒಂದು ರಜೆಯನ್ನೂ ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ಗೊತ್ತುಮಾಡಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿಯೂ ಆ 48ರ ಮಿತಿ ಉಳಿದಿದೆ. ಅದೇ ವರ್ಷ ನಮ್ಮ ರಾಜ್ಯದ ಮಂತ್ರಿಮಂಡಲವು ಖಾಸಗಿ ಸಂಸ್ಥೆಗಳಲ್ಲಿ ದುಡಿಯುವವರೂ ಸೇರಿದಂತೆ ಹೆಂಗಸರಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆಯನ್ನು ಸಂಬಳಸಹಿತವಾಗಿ ಕೊಡಲು ಒಪ್ಪಿತು. ಇಂಥ ವಿಷಯವನ್ನು ಮಠದ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಹುಬ್ಬೇರಿಸಿಯಾರು. ಸೂತಕಗಳನ್ನು ಎಂಟು ನೂರು ವರ್ಷದ ಹಿಂದೆಯೇ ಅಲ್ಲಗಳೆದ ಧರ್ಮದವರು ನಾವು. ಹುಬ್ಬೇರಿಸುವ ಹಕ್ಕು ನಮಗಿಲ್ಲ.

ಒಡೆಯರೆಲ್ಲ ಒಂದೇ ಬಗೆಯವರೆಂದು ಹೇಳಿದರೆ ಅನ್ಯಾಯವಾದೀತು. ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆಯ ಮನೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಬಯೋಕಾನ್ ಕಂಪನಿಯನ್ನು ತೆರೆದರು. ಆಸ್ಟ್ರೇಲಿಯದಲ್ಲಿ ಮದ್ಯದ ಹುದುಗಿನ ಶಾಸ್ತ್ರವನ್ನು ಕಲಿತು ಬಂದ ಅವರಿಗೆ, ಹೆಂಗಸೆಂಬ ಕಾರಣದಿಂದ ಇಲ್ಲಿಯ ಕಾರ್ಖಾನೆಗಳಲ್ಲಿ ಆ ಕೆಲಸ ಸಿಕ್ಕಿರಲಿಲ್ಲ. ಮದ್ಯದ ಹುದುಗು ತಪ್ಪಿ ಔಷಧದ ಹುದುಗು ಒದಗಿದುದು ನಾಡಿನ ಭಾಗ್ಯವೇ ಸರಿ. ಪರಂಗಿಕಾಯಿಯ ಹಾಲಿನಿಂದ ಕಿಣ್ವವನ್ನು ತೆಗೆಯುವುದು ಅಲ್ಲಿಯ ಆರಂಭದ ಕೆಲಸಗಳಲ್ಲಿ ಒಂದು. ಹೆಂಗಸಿನ ಕೈಕೆಳಗೆ ಕೆಲಸಕ್ಕೆ ಸೇರಲು ಆಗ ಜನ ಹಿಂಜರಿದರೆಂದು ಅವರೇ ಹಲವು ಕಡೆ ನೆನೆದಿರುವರು. ಅದೇ ಸಂಸ್ಥೆಯು 2004ರಲ್ಲಿ ಯೀಸ್ಟಿನಿಂದ ಮಾಡಿದ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ‘ಸೈನ್ಸ್’ ಪತ್ರಿಕೆಯವರು ಈ ಕ್ಷೇತ್ರದ ನೌಕರರನ್ನೇ ಪ್ರಶ್ನಿಸಿ ಇಪ್ಪತ್ತು ಉತ್ತಮ ಉದ್ಯೋಗದಾತರ ಪಟ್ಟಿಯನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವರು. ಲೋಕದ ದೊಡ್ಡ ದೊಡ್ಡ ಕಂಪನಿಗಳ ನಡುವೆ ಬಯೋಕಾನಿನ ಹೆಸರು ಅದರಲ್ಲಿ ಹಲವು ಬಾರಿ ಬಂದಿದೆ. ಆ ಪಟ್ಟಿಗೆ ಅವರು ಹಿಡಿದಿರುವ ಅಳತೆಗಳಲ್ಲಿ ನೌಕರರನ್ನು ಗೌರವದಿಂದ ಕಾಣುವರೇ ಎಂಬುದೂ ಒಂದು. ವ್ಯಾಯಾಮಶಾಲೆ ಇದೆಯೇ ಎಂಬುದಕ್ಕಿಂತ ಇದು ಎಷ್ಟೋ ಮಿಗಿಲಾದ ಪ್ರಶ್ನೆ.

ಆದರೂ ಪಟ್ಟಿಗಳ ವಿಷಯದಲ್ಲಿ ನನ್ನದೊಂದು ಸಂದೇಹವುಂಟು. ಇಂಥ ಪ್ರಶ್ನಾವಳಿಗಳಿಗೆ ಉತ್ತರ ಬರೆಯುವವರು ಪದವೀಧರರು. ಗುತ್ತಿಗೆಯ ಮೇಲೆ ಬಂದು ನೆಲ ಒರೆಸುವವಳನ್ನೂ ಬಾಗಿಲು ಕಾಯುವವನನ್ನೂ ಯಾವ ಪತ್ರಿಕೆ ಕೇಳುವುದು? ಶರಣರ ಸಭೆಯಲ್ಲಿ ಬೀದಿಯ ಕಸ ಗುಡಿಸುವ ಕಾಯಕದ ಸತ್ಯಕ್ಕನಿಗೆ ಸ್ಥಾನವಿತ್ತು, ಬತ್ತ ಕುಟ್ಟುವ ಸೋಮವ್ವನಿಗೂ ಇತ್ತು. ಅವರ ಮಾತನ್ನು ಕೇಳಿ ಬರೆದಿಟ್ಟರು. ಒಂದು ಸಂಸ್ಥೆಯ ಸಂಸ್ಕೃತಿ ಹೇಗಿದೆಯೆಂದು ತಿಳಿಯಬೇಕಾದರೆ ಅಲ್ಲಿಯ ಸತ್ಯಕ್ಕನನ್ನು ಕೇಳಬೇಕು.

ದಾನಕ್ಕೂ ದಾಸೋಹಕ್ಕೂ ಇರುವ ಭೇದವನ್ನು ನಾವು ನಿತ್ಯ ಹೇಳುವೆವು. ದಾನದಲ್ಲಿ ಕೊಟ್ಟವನ ಕೈ ಮೇಲಿರುವುದು. ಕೇಕು, ಯೋಗ, ಉಡುಗೊರೆ ಇವೆಲ್ಲ ಒಡೆಯನು ಪ್ರಸನ್ನನಾಗಿ ಕೊಡುವ ದಾನಗಳು. ಪ್ರಸನ್ನತೆ ತಪ್ಪಿದಾಗ ನಿಂತುಹೋಗುವುವು. ನಿದ್ದೆ, ಊಟದ ಹೊತ್ತು, ಜ್ವರ ಬಂದಾಗ ಮಲಗುವ ಅವಕಾಶ, ಮಗುವಿನ ಮುಖ ನೋಡುವ ಸಂಜೆ ಇವು ದಾನದ ವಸ್ತುಗಳೇ ಅಲ್ಲ. ಭೃತಿಯಲ್ಲಿ ಸೇರಿದವು. ನೌಕರನ ಕ್ಷೇಮವನ್ನು ಭೃತಿಯಿಂದ ತೆಗೆದು ದಾನದ ಪಟ್ಟಿಗೆ ಸೇರಿಸಿದುದೇ ಈ ಕಾಲದ ದೊಡ್ಡ ಮೋಸವೆಂದು ನನಗೆ ತೋರುವುದು. ಇಂಥಲ್ಲಿ ಸಹಿಸಿಕೊಂಡಿರುವುದೇ ಭೃತ್ಯಾಚಾರವೆಂದು ಯಾರೂ ಭ್ರಮಿಸಬಾರದು. ಅದರ ಹಿಂದಿನದೇ ಗಣಾಚಾರ. ಅನ್ಯಾಯವನ್ನು ಕಂಡು ಸುಮ್ಮನಿರಬಾರದೆಂಬುದು ಅದರ ನಿಯಮ. ಮೂರನೆಯ ಕೆಲಸಗಾರ್ತಿ ಬೇಕೆಂದು ಇಬ್ಬರೂ ಕೂಡಿ ಕೇಳಿದ್ದರೆ ಅದು ಧರ್ಮವೇ ಆಗುತ್ತಿತ್ತು. ಹಾಗೆ ಕೇಳು ಎಂದು ಹೇಳುವುದಕ್ಕೆ ಅಂದು ಫೋನಿನ ಈಚೆ ಒಬ್ಬ ಸೋದರಮಾವನಿದ್ದ. ಅವನು ವಚನ ಹೇಳಿದ.

ವಾಚಕರಲ್ಲಿ ಹಲವರು ಅಂಗಡಿಯುಳ್ಳವರು, ಹೊಲ ತೋಟಗಳುಳ್ಳವರು, ಗಿರಣಿ ನಡೆಸುವವರು. ಕಂಪನಿಗಳ ಮಾತು ನಮಗೆ ದೂರವೆಂದು ಓದಿ ಮುಗಿಸುವುದು ಸುಲಭ. ನಮ್ಮ ಅಂಗಡಿಯ ಹುಡುಗ ಬೆಳಗ್ಗೆ ಎಂಟಕ್ಕೆ ಬಂದವನು ರಾತ್ರಿ ಹತ್ತಕ್ಕೆ ಕದ ಹಾಕಿ ಹೋಗುವನು. ನಡುವೆ ಅವನು ಎಲ್ಲಿ ಕುಳಿತು ಉಣ್ಣುವನು? ನನ್ನ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ಬೆಳಗುವ ಹೆಂಗಸಿದ್ದಾಳೆ. ಅಂಬಲಪಾಡಿಯಿಂದ ಬಂದ ಮರುದಿನ ಆಕೆಯನ್ನು, ವಾರದಲ್ಲಿ ಯಾವ ದಿನ ಬಿಡುವು ಬೇಕವ್ವಾ ಎಂದು ಕೇಳಿದೆ. ಆಕೆ ಗಾಬರಿಯಾಗಿ, “ಯಾಕ್ರೀ ಗುರುಗಳೇ, ಬೇರೆಯವರನ್ನು ನೋಡಿದ್ದೀರಾ?” ಎಂದಳು. ಹನ್ನೊಂದು ವರ್ಷ ಪ್ರತಿದಿನ ನಮ್ಮ ಮನೆಯಲ್ಲಿ ಭೃತ್ಯಾಚಾರದ ಪಾಠ ಕೇಳಿದವಳಿಗೆ ಬಿಡುವೆಂಬ ಮಾತು ಕೆಲಸ ಹೋಗುವ ಸೂಚನೆಯಾಗಿ ಕೇಳಿಸಿತು.

ಅಂಬಲಪಾಡಿಯಿಂದ ಹೊರಡುವ ಹಿಂದಿನ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಅಳಿಯಂದಿರು ನಮ್ಮಿಬ್ಬರನ್ನೂ ಮಲ್ಪೆಯ ಬಂದರಿಗೆ ಕರೆದುಕೊಂಡು ಹೋದರು. ಯಂತ್ರದ ದೋಣಿಗಳೆಲ್ಲ ಸಾಲಾಗಿ, ಒಂದಕ್ಕೊಂದು ಮೈಯೊತ್ತಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಅವು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಯಿಟ್ಟು ಬೆಳೆಯಲೆಂದು ಸರಕಾರದ ಕಟ್ಟಳೆ. ನೆರಳಿನಲ್ಲಿ ಕುಳಿತು ಇಬ್ಬರು ಬಲೆಯ ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದರು. ನನ್ನ ಸೊಸೆ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದಳು.

ಮೊನ್ನೆ ಆಕೆಯಿಂದ ಪತ್ರ ಬಂದಿದೆ. ಸಮೀಪದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಕರೆದಿರುವರಂತೆ; ಸಂಬಳ ಮೊದಲಿನದಕ್ಕಿಂತ ಕಡಿಮೆ. ನಿಯಮಗಳ ಕಾಗದವನ್ನೂ ಕಳಿಸಿ, ನೋಡಿ ಹೇಳಿ ಮಾಮಾ ಎಂದು ಬರೆದಿದ್ದಾಳೆ. ಪಾಳಿಗೆ ಎಷ್ಟು ಜನವೆಂಬುದು ಅದರಲ್ಲಿ ಕಾಣಲಿಲ್ಲ. ಅದನ್ನು ಮೊದಲು ಕೇಳಿ ತಿಳಿದುಕೋ, ಆಮೇಲೆ ಸಹಿ ಮಾಡು ತಾಯಿ ಎಂದು ಉತ್ತರ ಬರೆದಿದ್ದೇನೆ. ವಚನವನ್ನೇನೂ ಬರೆಯಲಿಲ್ಲ.